ನೆಂಟರಿಲ್ಲದ ಊರಿಗೆ ರಜೆ

ದಾರ್ಸೈಟ್, ಮಸ್ಕತ್
ಶುಕ್ರವಾರ, 20 ಮೇ 2016

ಮುದ್ದು ಮಾನಸಾ,

ನಿನಗೂ ಅಳಿಯಂದಿರು ವಿನಯ್ ಅವರಿಗೂ ಆಶೀರ್ವಾದ. ರೋಹನ್‌ಗೆ ಎರಡು ಕೆನ್ನೆಗೂ ಒಂದೊಂದು ಮುತ್ತು ನನ್ನ ಪರವಾಗಿ ಕೊಡು. ನೀವು ಮೂವರೂ ಚೆನ್ನಾಗಿರುವುದನ್ನು ದಿನಾ ವಾಟ್ಸಪ್ಪಿನಲ್ಲಿ ನೋಡುತ್ತಲೇ ಇದ್ದೇನೆ, ಆದ್ದರಿಂದ ಕ್ಷೇಮ ವಿಚಾರಿಸುವ ಸಾಲನ್ನು ಬಿಟ್ಟಿದ್ದೇನೆ.

ಅಮ್ಮ ಕಾಗದ ಬರೆದಿದ್ದಾಳೆಂದು ಹೆದರಬೇಡ. ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲೇ ಹೇಳೋಣವೆಂದು ಈ ಮೂರು ವಾರದಲ್ಲಿ ನಾಲ್ಕು ಸಲ ಬಾಯಿ ತೆರೆದೆ. ನಾಲ್ಕು ಸಲವೂ ನೀನು “ಅದಿರ್ಲಿ ಅಮ್ಮ, ಬರೋ ತಾರೀಕು ಹೇಳು ಮೊದ್ಲು” ಅಂದೆ. ನಿನ್ನ ತಪ್ಪೂ ಇಲ್ಲ. ಜೂನ್ ಮೂವತ್ತಕ್ಕೆ ನಿಮ್ಮಪ್ಪನ ಕೆಲಸ ಮುಗಿಯುತ್ತದೆ, ಅದೇ ದಿನ ನಮ್ಮ ವೀಸಾವೂ ಮುಗಿಯುತ್ತದೆ. ಜುಲೈ ಒಂದಕ್ಕೆ ಅಪ್ಪ ಅಮ್ಮ ಮೈಸೂರಿನಲ್ಲಿರುತ್ತಾರೆಂದು ಯಾರಾದರೂ ಹೇಳಬಹುದು. ಅದನ್ನೇ ನಂಬಿಕೊಂಡು ನೀನು ಆಫೀಸಿನಲ್ಲಿ ಬಡ್ತಿ ಒಪ್ಪಿಕೊಂಡೆ. ಬಡ್ತಿ ಎಂದರೆ ಮನೆಗೆ ಬರುವುದು ಸಂಜೆ ಏಳೂವರೆಗೆ. ಅಳಿಯಂದಿರು ವಾರದಲ್ಲಿ ನಾಲ್ಕು ದಿನ ಟೂರಿನಲ್ಲಿರುತ್ತಾರೆ. ರೋಹನ್‌ನ ಪ್ಲೇ ಹೋಮ್ ಮುಚ್ಚುವುದು ಐದಕ್ಕೆ. ಇನ್ನು ಅದರ ಗೊಡವೆಯೇ ಬೇಡ, ಜುಲೈಯಿಂದ ಬಿಡಿಸಿಬಿಡುತ್ತೇನೆ, ದಿನವೆಲ್ಲ ಅಜ್ಜಿಯ ಹತ್ತಿರವೇ ಇರಲಿ ಎಂದು ನೀನು ಹೇಳಿದಾಗ ನಾನು ಹೂಂ ಅಂದೆ. ಹೂಂ ಅಂದದ್ದು ನನ್ನ ತಪ್ಪು.

ಮುಂದಿನ ಕೋಣೆಗೆ ಬಣ್ಣ ಹೊಡೆಸಿದ ಫೋಟೋ ನೋಡಿದೆ. ತಿಳಿ ಹಳದಿ ನನಗೆ ಇಷ್ಟವೆಂದು ನೆನಪಿಟ್ಟುಕೊಂಡಿದ್ದೀಯ. ಅದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ. ಯಾಕೆಂದು ಹೇಳುವುದಕ್ಕೇ ಈ ಕಾಗದ. ನೀನು ಕೇಳಿದ ತಾರೀಕಿನ ವಿಷಯವೂ ಇದರಲ್ಲೇ ಇದೆ, ಆದರೆ ದಯವಿಟ್ಟು ಕೊನೆಯ ಪುಟಕ್ಕೆ ಹಾರಬೇಡ. ಲೆಕ್ಕದಲ್ಲೂ ನಿನ್ನದು ಅದೇ ಚಾಳಿ, ಪುಸ್ತಕದ ಹಿಂದಿನ ಉತ್ತರ ನೋಡಿಕೊಂಡು ಆಮೇಲೆ ಲೆಕ್ಕಕ್ಕೆ ಕೈ ಹಾಕುತ್ತಿದ್ದೆ.

ಮೊದಲು ಘಾನಾ ಪ್ರವಾಸದ ವಿಷಯ. ನಿನಗೆ ಫೋನಿನಲ್ಲಿ ಹೇಳಿದ್ದು ಅರ್ಧ, ಆ ಅರ್ಧದಲ್ಲೂ ಒಂದಿಷ್ಟು ಸುಳ್ಳು ಸೇರಿದೆ.

ಫೆಬ್ರವರಿಯಲ್ಲಿ ಕಂಪನಿಯವರು ಕೆಲಸದಿಂದ ತೆಗೆಯುವ ಕಾಗದ ಕೊಟ್ಟ ಮೇಲೆ ನಿಮ್ಮಪ್ಪ ಹೇಗಿದ್ದರೆಂದು ನಿನಗೆ ನಾನು ಹೇಳಲಿಲ್ಲ. ಎಣ್ಣೆ ಬೆಲೆ ಬಿದ್ದಿದ್ದು ಅವರ ಕೈಯಿಂದಲೇ ಜಾರಿ ಬಿದ್ದಂತೆ ಇದ್ದರು. ಅಲ್ ಖುವೈರ್ ಆಫೀಸಿನಲ್ಲಿ ಮಾಡಲು ಏನೂ ಉಳಿದಿರಲಿಲ್ಲ, ಆದರೂ ಬೆಳಿಗ್ಗೆ ಇಸ್ತ್ರಿ ಶರಟು ಹಾಕಿಕೊಂಡು ಹೋಗುತ್ತಿದ್ದರು, ಮಧ್ಯಾಹ್ನವೇ ಬಂದು ಟೀವಿ ಎದುರು ಕೂರುತ್ತಿದ್ದರು. ಟೀವಿ ಹಾಕುತ್ತಿರಲಿಲ್ಲ. ನಮ್ಮ ಕಟ್ಟಡದಲ್ಲಿ ವಾರಕ್ಕೊಂದು ಮನೆ ಖಾಲಿಯಾಗುತ್ತಿತ್ತು, ಲಿಫ್ಟಿನಲ್ಲಿ ಸದಾ ಯಾರದೋ ಸೋಫಾ. ನನ್ನ ಸಂಜೆಯ ಟ್ಯೂಷನ್ನಿಗೆ ಬರುತ್ತಿದ್ದ ಹದಿನಾಲ್ಕು ಮಕ್ಕಳಲ್ಲಿ ನಾಲ್ವರು ಉಳಿದರು. ಬಾಗಿಲ ಮುಂದೆ ಅಷ್ಟು ವರ್ಷ ಚಪ್ಪಲಿಗಳ ರಾಶಿ ನೋಡಿ ಬೈಯುತ್ತಿದ್ದವಳಿಗೆ ಈಗ ಎಂಟು ಚಪ್ಪಲಿ ಕಂಡರೆ ಬೇಸರವಾಗುತ್ತಿತ್ತು.

ಮಾರ್ಚಿನಲ್ಲಿ ಕಂಪನಿಯ ಕೊನೆಯ ರಜೆ ಟಿಕೆಟ್ಟಿಗೆಂದು ರೂವಿ ಪೇಟೆಯ ಅಶ್ರಫ್ ಅವರ ಹತ್ತಿರ ಹೋದೆವು. ನಿನಗೆ ನೆನಪಿದ್ದಾರಲ್ಲ, ಬಂಟ್ವಾಳ ಕಡೆಯವರು, ಟಿಕೆಟ್ ಏಜೆನ್ಸಿಯವರು, ಚಿಕ್ಕವಳಿದ್ದಾಗ ನಿನಗೆ ಪ್ರತಿಸಲ ವಿಮಾನದ ಚಿತ್ರವಿದ್ದ ಕ್ಯಾಲೆಂಡರ್ ಕೊಡುತ್ತಿದ್ದರು. ನಿಮ್ಮಪ್ಪ ಎಂದಿನಂತೆ ಬೆಂಗಳೂರಿಗೆ ಎರಡು ಅಂದರು. ಅಶ್ರಫ್ ಕಂಪ್ಯೂಟರಿನಿಂದ ಕೈ ತೆಗೆದು ಕುಳಿತರು. “ಊರಿಗೆ ಹೇಗೂ ಪರ್ಮನೆಂಟ್ ಹೋಗ್ಲಿಕ್ಕೆ ಉಂಟಲ್ವಾ ದೊರೆಸ್ವಾಮಿಯವ್ರೇ? ಮತ್ತೆ ಈಗ ಎಂತಕ್ಕೆ ಅರ್ಜೆಂಟು? ಒಮ್ಮೆ ಎಲ್ಲಿಗಾದ್ರೂ ಸುಮ್ನೆ ಹೋಗಿ ಬನ್ನಿ ಮಾರಾಯ್ರೆ.” ಅವರ ಹತ್ತಿರ ಒಂದು ಪ್ಯಾಕೇಜು ಬಂದು ಬಿದ್ದಿತ್ತು. ಘಾನಾ, ಒಂಬತ್ತು ದಿನ. ಅಕ್ಕಪಕ್ಕದ ದೇಶಗಳಲ್ಲಿ ಎಬೋಲಾ ಬಂದು ಹೋದದ್ದೇ ನೆಪವಾಗಿ, ಆ ಕಾಯಿಲೆ ಕಾಲಿಡದ ಘಾನಾಕ್ಕೂ ಜನ ಹೋಗುತ್ತಿರಲಿಲ್ಲ, ಹಾಗಾಗಿ ದರ ಅರ್ಧಕ್ಕೆ ಇಳಿದಿತ್ತು. ನಿಮ್ಮಪ್ಪ ತಮಾಷೆಯೆಂದು ನಕ್ಕರು. ನಾನು “ಬುಕ್ ಮಾಡಿ” ಅಂದೆ.

ಯಾಕೆ ಹಾಗೆ ಅಂದೆನೋ ಅವತ್ತು ನನಗೂ ಗೊತ್ತಿರಲಿಲ್ಲ. ಇಪ್ಪತ್ನಾಲ್ಕು ವರ್ಷದಲ್ಲಿ ನಾವು ವಿಮಾನ ಹತ್ತಿದ್ದು ಊರಿಗೆ ಹೋಗಲು ಮಾತ್ರ. ಮದುವೆ, ಗೃಹಪ್ರವೇಶ, ತಿಥಿ, ನಿನ್ನ ಬಾಣಂತನ. ನೋಡಬೇಕೆನಿಸಿ ಒಂದು ಊರಿಗೆ ಹೋದವರೇ ಅಲ್ಲ. ಇಲ್ಲೇ ಒಮಾನಿನಲ್ಲಿರುವ ಖಸಬನ್ನೂ ನಾವು ಇನ್ನೂ ನೋಡಿಲ್ಲ, ಎಂದರೆ ನೀನೇ ಯೋಚನೆ ಮಾಡು.

ಪ್ರವಾಸ ಹೋಗುವುದು ಹೇಗೆಂದು ಗೊತ್ತಿಲ್ಲದವರು ಏನು ಮಾಡಿದೆವು ಕೇಳು. ರಜೆಗೆ ಪೆಟ್ಟಿಗೆ ಕಟ್ಟುವುದು ನನಗೆ ಗೊತ್ತಿರುವುದು ಒಂದೇ ಥರ. ಎರಡು ದೊಡ್ಡ ಸೂಟ್‌ಕೇಸು ಹಾಸಿಗೆ ಮೇಲೆ ತೆರೆದಿಟ್ಟೆ. ನಮ್ಮ ಬಟ್ಟೆ ಒಂದು ಮೂಲೆಗೆ. ಆಮೇಲೆ ಕೈ ತಾನಾಗಿಯೇ ಹೋಯಿತು: ಮೈಸೋಪು ಆರು ಡಜನ್, ಹಾಲಿನ ಪುಡಿ ಡಬ್ಬ, ಟ್ಯಾಂಗ್, ತಲೆನೋವಿನ ಬಾಮು, ಖರ್ಜೂರ, ಸೆಂಟಿನ ಬಾಟಲಿ, ಟಾರ್ಚು, ಉಗುರು ಕತ್ತರಿಸುವ ಸೆಟ್ಟು, ಒಂದು ಹೂವಿನ ಕಂಬಳಿ. ನಿಮ್ಮಪ್ಪ ತೂಕದ ಯಂತ್ರ ತಂದು, ತಾವು ಹತ್ತಿ, ಸೂಟ್‌ಕೇಸು ಹಿಡಿದು ಹತ್ತಿ, ಕಳೆದು, ಮೂವತ್ತು ಕಿಲೋ ಸರಿಯಾಗಿದೆ ಅಂದರು. ಹಗ್ಗ ಕಟ್ಟಿದರು. ನಾಲ್ಕೂ ಕಡೆ ಮಾರ್ಕರಿನಲ್ಲಿ ದೊರೆಸ್ವಾಮಿ ಎಂದು ದಪ್ಪಕ್ಕೆ ಬರೆದರು. ಹೋಗುವ ಊರಿನಲ್ಲಿ ನಮಗೆ ಒಬ್ಬರೂ ನೆಂಟರಿಲ್ಲ ಎನ್ನುವುದು ಇಬ್ಬರಿಗೂ ಹೊಳೆಯಲೇ ಇಲ್ಲ ಕಣೇ! ದುಬೈಯಲ್ಲಿ ವಿಮಾನ ಬದಲಿಸುವಾಗ ಹೊಳೆಯಿತು. ನಾನು “ರೀ, ಸೋಪು ಯಾರಿಗೆ?” ಎಂದೆ. ಅವರು “ನೀನು ತುಂಬಿದ್ದಲ್ವಾ, ನಿನಗೆ ಗೊತ್ತಿರ್ಬೇಕು” ಎಂದರು.

ಅಕ್ರಾ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನ ಹೆಂಗಸು ಹಗ್ಗ ನೋಡಿಯೇ ನಮ್ಮನ್ನು ಪಕ್ಕಕ್ಕೆ ಕರೆದರು. ಗಟ್ಟಿಮುಟ್ಟಾದ, ನನ್ನ ವಯಸ್ಸಿನವರು. ಒಂದೊಂದೇ ಸಾಮಾನು ಮೇಜಿನ ಮೇಲೆ ಇಡುತ್ತಾ ಹೋದರು. ವ್ಯಾಪಾರಕ್ಕೆ ತಂದದ್ದೇ ಎಂದು ಕೇಳಿದರು. ಅಲ್ಲ, ಉಡುಗೊರೆ ಎಂದೆ. ಯಾರಿಗೆ? ಇನ್ನೂ ಗೊತ್ತಾಗಿಲ್ಲ ಎಂದೆ. ಇಲ್ಲಿ ನಿಮ್ಮವರು ಯಾರು? ಯಾರೂ ಇಲ್ಲ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾವು ಗಲ್ಫಿನವರು, ರಜೆ ಎಂದರೆ ಸಾಮಾನು ತೆಗೆದುಕೊಂಡು ಮನೆಗೆ ಹೋಗುವುದು ಬಿಟ್ಟರೆ ಬೇರೆ ತಿಳಿಯದು ಎಂದೆ. ಅವರು ನಗಲು ಶುರು ಮಾಡಿದರು. ಪಕ್ಕದ ಮೇಜಿನವರನ್ನು ಕರೆದು ನಮ್ಮ ಕಥೆ ಹೇಳಿದರು, ಅವರೂ ನಕ್ಕರು. ತಮ್ಮ ಅಣ್ಣ ಲಂಡನ್ನಿನಿಂದ ಬರುವಾಗ ಹೀಗೇ ತುಂಬಿಕೊಂಡು ಬರುತ್ತಾನೆ ಎಂದು ಹೇಳಿ, ಎಲ್ಲ ವಾಪಸು ತುಂಬಲು ತಾವೂ ಕೈ ಹಾಕಿದರು. ಒಂದು ಸೋಪು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ.

ನಮಗೆ ಗೈಡಾಗಿ ಬಂದವಳು ಎಫುವಾ. ನಿನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು, ನಿನ್ನಷ್ಟೇ ಅವಸರದವಳು. ಅವರಲ್ಲಿ ಹುಟ್ಟಿದ ವಾರದ ಮೇಲೆ ಒಂದು ಹೆಸರಿರುತ್ತದೆ. ಶುಕ್ರವಾರ ಹುಟ್ಟಿದ ಹೆಣ್ಣು ಎಫುವಾ. ನಾನು ಹುಟ್ಟಿದ್ದು ಬುಧವಾರವೆಂದು ನನ್ನ ಜಾತಕದಿಂದ ಗೊತ್ತಿತ್ತು, ನಾನು ಎಕುವಾ ಆದೆ. ನಿಮ್ಮಪ್ಪನಿಗೆ ತಮ್ಮ ವಾರ ಗೊತ್ತಿರಲಿಲ್ಲ. ಎಫುವಾ ಫೋನಿನಲ್ಲಿ ಹುಡುಕಿ ಭಾನುವಾರ ಎಂದಳು. ಅಂದಿನಿಂದ ಅವರು ಕ್ವೆಸಿ. ಕ್ವೆಸಿ ಎಂದು ಕರೆದರೆ ತಕ್ಷಣ ತಿರುಗಿ ನೋಡುತ್ತಿದ್ದರು. ನಾನು ಇಪ್ಪತ್ತು ಸಲ ಕರೆದರೂ ಕೇಳಿಸದ ಕಿವಿ ಅದು.

ಊಟದ ವಿಷಯ ನಿನಗೆ ಹೇಳಿದ್ದೆ, ಆದರೆ ಕಾಗದದಲ್ಲೂ ಇರಲಿ. ಕೇಪ್ ಕೋಸ್ಟ್ ಎಂಬ ಕರಾವಳಿಯ ಊರಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಹೋಟೆಲಿನಲ್ಲಿ ಎಫುವಾ ನಮಗೆ ಫುಫು ತರಿಸಿದಳು. ಮರಗೆಣಸು, ಬಾಳೆಕಾಯಿ ಬೇಯಿಸಿ ಒನಕೆಯಲ್ಲಿ ಕುಟ್ಟಿ ಮಾಡಿದ ಮುದ್ದೆ, ಕಡಲೆಕಾಯಿ ಸಾರು, ಕೋಳಿ. ಇದನ್ನು ಅಗಿಯಬಾರದು, ನುಂಗಬೇಕು, ಪ್ರವಾಸಿಗರಿಗೆ ಬರುವುದಿಲ್ಲ ಎಂದು ಅವಳು ಪಾಠ ಮಾಡುತ್ತಿರುವಾಗಲೇ ಶ್ರೀರಂಗಪಟ್ಟಣದ ದೊರೆಸ್ವಾಮಿಯವರು ಬಲಗೈಯಲ್ಲಿ ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ, ಗುಳುಂ ಅನ್ನಿಸಿ ಆಗಿತ್ತು. ಅಡುಗೆಮನೆಯಿಂದ ಇಬ್ಬರು ಹೆಂಗಸರು ಹೊರಗೆ ಬಂದು ನಿಂತು ನೋಡಿದರು. ಎರಡನೆಯದನ್ನು ಅವರೇ ತಂದು ಹಾಕಿದರು. ಫೆಬ್ರವರಿಯಿಂದ ಅವತ್ತಿನವರೆಗೆ ನಿಮ್ಮಪ್ಪ ಎರಡನೇ ಸಲ ಬಡಿಸಿಕೊಂಡದ್ದನ್ನು ನಾನು ಕಂಡಿರಲಿಲ್ಲ.

ಮರುದಿನ ಸಮುದ್ರದ ದಡದ ಕೋಟೆಗೆ ಹೋದೆವು. ಬೆಳ್ಳಗೆ ಸುಣ್ಣ ಬಳಿದ ಕೋಟೆ. ಗುಲಾಮರೆಂದು ಹಿಡಿದು ತಂದವರನ್ನು ಹಡಗು ಬರುವವರೆಗೆ ಕೂಡಿಹಾಕುತ್ತಿದ್ದ ನೆಲಮಾಳಿಗೆ ಇದೆ. ಅದರ ಮೇಲೆಯೇ ಪ್ರಾರ್ಥನೆಯ ಕೋಣೆ. ನೆಲಮಾಳಿಗೆಯೊಳಗೆ ಬೆಳಕು ಬರುವುದಕ್ಕೆ ಒಂದು ಸಣ್ಣ ಕಿಂಡಿ ಮಾತ್ರ. ನಾನು ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ, ಬೇರೇನು ಮಾಡಬೇಕೋ ತಿಳಿಯಲಿಲ್ಲ. ಹೊರಗೆ ಬಂದ ಮೇಲೆ ನಿಮ್ಮಪ್ಪ ಸಮುದ್ರದ ಕಡೆ ತಿರುಗಿ, “ಒಂದು ಟರ್ಮಿನೇಶನ್ ಲೆಟರ್ ಹಿಡ್ಕೊಂಡು ಎರಡು ತಿಂಗಳು ಮುಖ ಊದಿಸ್ಕೊಂಡಿದ್ನಲ್ಲ ಸರೂ” ಎಂದರು. ಆಮೇಲೆ ಆ ಮಾತು ಎತ್ತಲಿಲ್ಲ. ಆದರೆ ಅಂದಿನಿಂದ ಮನುಷ್ಯ ಸರಿಹೋದರು.

ಇಷ್ಟೆಲ್ಲ ಆದರೂ ಸೂಟ್‌ಕೇಸು ಹಾಗೇ ಇತ್ತು. ಕೋಟೆಯ ಹೊರಗೆ ಮಕ್ಕಳು ಕಂಡರೆಂದು ನಾನು ಟ್ಯಾಂಗ್ ಪೊಟ್ಟಣ ತೆಗೆದಾಗ ಎಫುವಾ ಕೈ ಹಿಡಿದಳು. ವ್ಯಾನಿನಿಂದ ಇಳಿದವರೆಲ್ಲ ಹೀಗೆ ಹಂಚಿದರೆ ನಾಳೆ ಇವರು ಶಾಲೆ ಬಿಟ್ಟು ವ್ಯಾನಿಗೆ ಕಾಯುತ್ತಾರೆ ಎಂದಳು. ನನಗೆ ನಾಚಿಕೆಯಾಯಿತು. ನಿಜವಾಗಿ ಬೇಕಿದ್ದವರಿಗೆ ಕೊಡಬೇಕೆಂದಿದ್ದರೆ ತನ್ನ ಚಿಕ್ಕಮ್ಮ ಮಿಸೆಸ್ ಮೆನ್ಸಾ ಅವರ ಶಾಲೆ ಇದೆ, ಗುಡ್ಡದ ಮೇಲೆ, ಹಾಸ್ಟೆಲಿನಲ್ಲಿ ನೂರಿಪ್ಪತ್ತು ಹುಡುಗಿಯರು, ಸೋಪು ಎಂದೂ ಸಾಲುವುದಿಲ್ಲ ಎಂದಳು.

ನಿನಗೆ ನಾನು “ಒಂದು ಶಾಲೆಗೆ ಅರ್ಧ ಗಂಟೆ ಹೋಗಿದ್ವಿ” ಎಂದು ಹೇಳಿದ್ದೆ. ಅರ್ಧ ಗಂಟೆ ಎನ್ನುವುದು ಸುಳ್ಳು.

ಸಾಮಾನು ಒಪ್ಪಿಸಲು ಅರ್ಧ ಗಂಟೆ ಸಾಕಾಯಿತು. ಮಿಸೆಸ್ ಮೆನ್ಸಾ ನೆಟ್ಟಗೆ ಕೂರುವ, ಕಡಿಮೆ ಮಾತಿನ ಹೆಂಗಸು. ಎಲ್ಲವನ್ನೂ ಹಾಸ್ಟೆಲಿನ ವಾರ್ಡನ್ ಕೈಗೆ ಕೊಡಿಸಿ, ನಮಗೆ ಶಾಲೆ ತೋರಿಸಲು ಎದ್ದರು. ಕೊನೆಯ ಕೋಣೆಯಲ್ಲಿ ನಲವತ್ತು ಹುಡುಗಿಯರು ಸುಮ್ಮನೆ ಕುಳಿತಿದ್ದರು. ಬೋರ್ಡಿನ ಮೇಲೆ ಒಂದು ವರ್ಗ ಸಮೀಕರಣ ಅರ್ಧಕ್ಕೆ ನಿಂತಿತ್ತು. ಲೆಕ್ಕದ ಮೇಷ್ಟರು ಅಕ್ರಾದಲ್ಲಿ ಬೇರೆ ಕೆಲಸ ಹಿಡಿದು ಹೋಗಿ ಎರಡು ಟರ್ಮ್ ಆಗಿದೆಯಂತೆ. ಕೃಷಿಯ ಮೇಷ್ಟರು ಬಂದು ಗೈಡು ನೋಡಿ ಬರೆದು ಹೋಗುತ್ತಾರೆ, ಅವತ್ತು ಅವರಿಗೂ ಬೇರೆ ಕ್ಲಾಸು. ನಾನು ಬಾಗಿಲಲ್ಲಿ ನಿಂತು, ಮುಂದಿನ ಸಾಲು ಏನೆಂದು ಕೇಳಿದೆ. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, ಉತ್ತರ ಮೂರು ಎಂದು ಪುಸ್ತಕದಲ್ಲಿದೆ ಮೇಡಂ, ಆದರೆ ಹೇಗೆ ಬಂತೆಂದು ನಮಗೆ ಯಾರೂ ತೋರಿಸಿಲ್ಲ ಎಂದಳು.

ಚಾಕ್‌ಪೀಸು ಕೈಗೆ ಹೇಗೆ ಬಂತೋ ಗೊತ್ತಿಲ್ಲ. ಮೊದಲ ಸ್ವಲ್ಪ ಹೊತ್ತು ಅವರ ಇಂಗ್ಲಿಷ್ ನನಗೂ ನನ್ನದು ಅವರಿಗೂ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಗಂಟೆ ಹೊಡೆದರೂ ಅವರು ಏಳಲಿಲ್ಲ. ಇಲ್ಲಿ ದಾರ್ಸೈಟಿನಲ್ಲಿ ನನ್ನ ಟ್ಯೂಷನ್ ಮಕ್ಕಳು ಒಳ್ಳೆಯವರೇ, ಆದರೆ ಅವರನ್ನು ಅಮ್ಮಂದಿರು ಕಳಿಸಿರುತ್ತಾರೆ. “ಆಂಟಿ, ಜಸ್ಟ್ ಟೆಲ್ ದಿ ಫಾರ್ಮುಲಾ” ಎಂದು ಗಡಿಯಾ‌ರ ನೋಡುತ್ತಾರೆ. ಆ ಹುಡುಗಿಯರು ಗಡಿಯಾರ ನೋಡಲಿಲ್ಲ. ಮಧ್ಯಾಹ್ನದವರೆಗೆ ಅಲ್ಲೇ ಇದ್ದೆ.

ಮಧ್ಯಾಹ್ನದವರೆಗೆ ಎನ್ನುವುದೂ ಪೂರ್ತಿ ನಿಜವಲ್ಲ. ಮರುದಿನವೂ ಹೋದೆ, ಅದರ ಮರುದಿನವೂ ಹೋದೆ. ಕಾಡಿನಲ್ಲಿ ಮರದಿಂದ ಮರಕ್ಕೆ ಕಟ್ಟಿದ ತೂಗುಸೇತುವೆಯ ಮೇಲೆ ನಿಮ್ಮಪ್ಪ ಹಗ್ಗ ಬಿಗಿಹಿಡಿದು ನಿಂತ ಫೋಟೋ ಕಳಿಸಿದ್ದೆವಲ್ಲ, ನೀನು “ಅಮ್ಮ ಎಲ್ಲಿ?” ಎಂದು ಕೇಳಿದೆ. ಫೋಟೋ ತೆಗೆದವಳೇ ನಾನು ಎಂದೆ. ತೆಗೆದದ್ದು ಎಫುವಾ. ನಾನು ಆ ಹೊತ್ತಿಗೆ ಗುಡ್ಡದ ಮೇಲೆ ರೇಖಾಗಣಿತ ಹೇಳಿಕೊಡುತ್ತಿದ್ದೆ. ಎಲ್ಮಿನಾ ಬಂದರು, ಬಣ್ಣದ ದೋಣಿಗಳು, ಬಟ್ಟೆಯ ಸಂತೆ, ಯಾವುದನ್ನೂ ನಾನು ನೋಡಲಿಲ್ಲ. ಜೀವಮಾನದಲ್ಲಿ ಒಂದು ಪ್ರವಾಸ ಹೋಗಿ, ಅದರಲ್ಲಿ ಮೂರು ದಿನ ಕ್ಲಾಸಿನಲ್ಲಿ ಕಳೆದವಳು ನಿನ್ನ ಅಮ್ಮ.

ಈಗ ನಿನಗೆ ಗೊತ್ತಿಲ್ಲದ ಒಂದು ಮಾತು. ನೀನು ಐದು ತಿಂಗಳ ಕೂಸಾಗಿದ್ದಾಗ ನಿಮ್ಮಪ್ಪ ಮಸ್ಕತ್ತಿಗೆ ಬಂದರು. ಆಮೇಲೆ ನಾಲ್ಕು ವರ್ಷ ನಾನು ಶ್ರೀರಂಗಪಟ್ಟಣದ ಹೈಸ್ಕೂಲಿನಲ್ಲಿ ಲೆಕ್ಕದ ಮೇಡಂ ಆಗಿದ್ದೆ. ಅದು ನಿನಗೆ ಗೊತ್ತು. ಕೆಲಸ ಖಾಯಂ ಆಗುವ ವರ್ಷವೇ ನಮ್ಮಿಬ್ಬರ ವೀಸಾ ಬಂತು, ರಾಜೀನಾಮೆ ಕೊಟ್ಟು ಬಂದೆ. ಅದಕ್ಕೆ ಕೊರಗು ಇಲ್ಲವೆಂದು ಯಾವಾಗಲೂ ನಿನಗೆ ಹೇಳುತ್ತಿದ್ದೆ. ಕೊರಗು ಇತ್ತು ಮಾನಸಾ. ನಿಮ್ಮಪ್ಪನ ಮೇಲೆ ಕೋಪವಲ್ಲ, ನಿನ್ನ ಮೇಲಂತೂ ಅಲ್ಲವೇ ಅಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಪ್ರಾರ್ಥನೆಯ ಗಂಟೆ ಹೊಡೆಯುವ ಹೊತ್ತು ಬಂದಾಗ ಇಲ್ಲಿ ಕುಕ್ಕರಿನ ಮುಂದೆ ನಿಂತಿರುತ್ತಿದ್ದೆ, ಅಷ್ಟೇ. ಮೊದಮೊದಲು ಅಳು ಬರುತ್ತಿತ್ತು, ಆಮೇಲೆ ಅಭ್ಯಾಸವಾಯಿತು. ಗುಡ್ಡದ ಮೇಲಿನ ಆ ಮೂರು ದಿನದಲ್ಲಿ ಅಭ್ಯಾಸ ತಪ್ಪಿಹೋಯಿತು.

ಹೊರಡುವ ದಿನ ಮಿಸೆಸ್ ಮೆನ್ಸಾ ನನ್ನನ್ನು ಹೊಗಳಲಿಲ್ಲ. ಯಾವ ವರ್ಷದ ಪದವಿ, ಯಾವ ವಿಶ್ವವಿದ್ಯಾನಿಲಯ, ಮೂಲ ಪ್ರಮಾಣಪತ್ರ ಎಲ್ಲಿವೆ ಎಂದು ಕೇಳಿ ಬರೆದುಕೊಂಡರು. ಏಪ್ರಿಲ್ ಕೊನೆಯಲ್ಲಿ ಅವರ ಇಮೇಲ್ ಬಂತು. ಒಂದು ವರ್ಷದ ಒಪ್ಪಂದ. ಹಾಸ್ಟೆಲಿನ ಹಿಂದೆ ಎರಡು ಕೋಣೆಯ ಮನೆ. ಆ ಹುಡುಗಿಯರಿಗೆ ಬರುವ ವರ್ಷ ದೊಡ್ಡ ಪರೀಕ್ಷೆ, ಹಿಂದೆ ಬಿದ್ದ ಪಾಠ ಬಹಳವಿದೆ, ಅದಕ್ಕೆ ಜುಲೈ ಮೊದಲ ವಾರವೇ ಬರಬೇಕು, ಆಗಸ್ಟಿನ ರಜೆಯಲ್ಲೂ ತರಗತಿ ನಡೆಸಬೇಕು.

ನಾನು ಆಗಲಿ ಎಂದು ಬರೆದುಬಿಟ್ಟೆ. ನಿನ್ನನ್ನು ಕೇಳದೆ ಬರೆದೆ. ನಿಮ್ಮಪ್ಪನನ್ನು ಮಾತ್ರ ಕೇಳಿದೆ, ಅವರು “ನನಗೆ ಎಲ್ಲಾದ್ರೂ ಒಂದೇ ಕಣೇ, ಮುದ್ದೆ ಸಿಗುತ್ತಲ್ಲ” ಎಂದರು. ಮನೆಯ ಹಿಂದೆ ಜಾಗವಿದೆ, ತರಕಾರಿ ಹಾಕಬಹುದು ಎಂದೂ ಹೇಳಿದರು.

ಆದ್ದರಿಂದ ಜುಲೈ ಒಂದಕ್ಕೆ ನಾನು ಬರುವುದಿಲ್ಲ ಮಗಳೇ. ಬರೆದೆ. ಇದನ್ನು ಬರೆಯಲು ಬೆಳಿಗ್ಗೆಯಿಂದ ಮೂರು ಸಲ ಕಾಫಿ ಮಾಡಿಕೊಂಡಿದ್ದೇನೆ.

ನಿನಗೆ ಕಷ್ಟ ಕೊಡುತ್ತಿದ್ದೇನೆಂದು ಗೊತ್ತು. ಬಡ್ತಿ ಬಿಡಬೇಡ. ನನ್ನ ಹಾಗೆ ಖಾಯಂ ಆಗುವ ವರ್ಷ ಬಿಡುವವಳು ಮನೆಯಲ್ಲಿ ಇನ್ನೊಬ್ಬಳು ಬೇಡ. ಪ್ಲೇ ಹೋಮ್ ಬಿಡಿಸಬೇಡ, ಐದರಿಂದ ಏಳೂವರೆಗೆ ನಂಬಿಕೆಯ ಹೆಂಗಸು ಯಾರಾದರೂ ಸಿಗುತ್ತಾರೋ ಕೇಳು. ಇದು ಸರಿಯಾದ ಉತ್ತರವಲ್ಲ, ನನಗೆ ಗೊತ್ತು. ಮೂರು ವಾರದಿಂದ ಯೋಚಿಸುತ್ತಿದ್ದೇನೆ, ಬೇರೆ ಹೊಳೆಯಲಿಲ್ಲ. ರೋಹನ್ ಮೊನ್ನೆ ಫೋನಿನಲ್ಲಿ “ಅಜ್ಜಿ ಯಾವಾಗ್ ಬತ್ತೀಯ” ಅಂದಾಗ ನಾನು ನೆಟ್‌ವರ್ಕ್ ಸರಿಯಿಲ್ಲವೆಂದು ಕಟ್ ಮಾಡಿದೆ. ನೆಟ್‌ವರ್ಕ್ ಸರಿಯಾಗಿತ್ತು.

ಇನ್ನೂ ಒಂದು ಕೆಲಸ ನಿನ್ನಿಂದಲೇ ಆಗಬೇಕು. ನನ್ನ ಎಂ.ಎಸ್ಸಿ. ಮಾರ್ಕ್ಸ್ ಕಾರ್ಡು, ಬಿ.ಎಡ್. ಪ್ರಮಾಣಪತ್ರ, ಶ್ರೀರಂಗಪಟ್ಟಣದ ಶಾಲೆಯ ಸರ್ವಿಸ್ ಸರ್ಟಿಫಿಕೇಟು ಎಲ್ಲವೂ ನಿನ್ನ ಮನೆಯ ಬೀರುವಿನಲ್ಲಿವೆ. ಕೆಳಗಿನ ಖಾನೆ, ನಿನ್ನ ಮದುವೆಯ ಆಲ್ಬಮ್ಮಿನ ಅಡಿಯಲ್ಲಿ ಖಾಕಿ ಲಕೋಟೆ. ಅವು ಜೂನ್ ಹದಿನೈದರೊಳಗೆ ನನ್ನ ಕೈ ಸೇರದಿದ್ದರೆ ವರ್ಕ್ ಪರ್ಮಿಟ್ ಆಗುವುದಿಲ್ಲ, ಮಿಸೆಸ್ ಮೆನ್ಸಾ ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಅಳಿಯಂದಿರಿಗೆ ಒಂದು ಮೆಸೇಜು ಹಾಕಿದ್ದರೆ ಏನು ಎತ್ತ ಕೇಳದೆ ಕೊರಿಯರ್ ಮಾಡುತ್ತಿದ್ದರು. ಹಾಗೆ ಮಾಡಲು ನನಗೆ ಮನಸ್ಸು ಬರಲಿಲ್ಲ. ನಿನ್ನ ಕೈಯಿಂದಲೇ ಬರಬೇಕು. ನೀನು ಈ ಕಾಗದ ಓದಿ, ಎರಡು ದಿನ ಕೋಪ ಮಾಡಿಕೊಂಡು, ಆಮೇಲೆ ಬೀರು ತೆಗೆಯಬೇಕು. ತೆಗೆಯದಿದ್ದರೆ ನಾನು ಬೈಯುವುದಿಲ್ಲ. ಮೈಸೂರಿಗೆ ಬಂದು ಹಳದಿ ಕೋಣೆಯಲ್ಲಿ ಇರುತ್ತೇನೆ, ಮೊಮ್ಮಗನನ್ನು ಎತ್ತಿಕೊಳ್ಳುತ್ತೇನೆ, ನಗುನಗುತ್ತಲೇ ಇರುತ್ತೇನೆ. ಆದರೆ ತೆಗೆಯಬೇಕೆಂದು ನನಗೆ ಬಹಳ ಆಸೆ.

ನನಗೀಗ ಐವತ್ಮೂರು. ಈ ವಯಸ್ಸಿನಲ್ಲಿ ಮಗಳ ಹತ್ತಿರ ಅನುಮತಿ ಕೇಳುತ್ತಿದ್ದೇನಲ್ಲ ಎಂದು ನಗು ಬರುತ್ತಿದೆ. ನೀನು ಹತ್ತನೇ ಕ್ಲಾಸಿನಲ್ಲಿ ಪ್ರವಾಸಕ್ಕೆ ಸಹಿ ಹಾಕಿಸಿಕೊಳ್ಳಲು ನನ್ನ ಹಿಂದೆ ಹಿಂದೆ ತಿರುಗುತ್ತಿದ್ದೆಯಲ್ಲ, ಈಗ ನನ್ನ ಸರದಿ ಬಂದಿದೆ. ಇಷ್ಟು ಬರೆದ ಮೇಲೆ ಮನಸ್ಸು ಹಗುರಾಗಿದೆ. ಹೊರಗೆ ಬಿಸಿಲು ಸುಡುತ್ತಿದೆ, ನಿಮ್ಮಪ್ಪ ಒಳಗೆ ಗೊರಕೆ ಹೊಡೆಯುತ್ತಿದ್ದಾರೆ, ನಾನು ಸುಖವಾಗಿದ್ದೇನೆ. ನೀನೂ ಹಾಗೇ ಇರು.

ನಿನ್ನ ಪ್ರೀತಿಯ ಅಮ್ಮ,
ಸರಸ್ವತಮ್ಮ

ಮರೆತದ್ದು (ಭಾನುವಾರ, 22 ಮೇ): ಲಕೋಟೆ ಅಂಟಿಸುವ ಮುನ್ನ ಕಾಗದವನ್ನು ನಿಮ್ಮಪ್ಪನಿಗೆ ಓದಲು ಕೊಟ್ಟೆ. ಪೂರ್ತಿ ಓದಿದರು. ಐದರಿಂದ ಏಳೂವರೆಯ ಸಾಲನ್ನು ಎರಡು ಸಲ ಓದಿದರು. ಆಮೇಲೆ ಕನ್ನಡಕ ತೆಗೆದು, “ಅಲ್ಲ ಸರೂ, ಮಗು ನೋಡ್ಕೊಳ್ಳೋಕೆ ಸೀರೆನೇ ಉಟ್ಟಿರ್ಬೇಕಾ?” ಎಂದು ಕೇಳಿದರು. ಇಪ್ಪತ್ನಾಲ್ಕು ವರ್ಷ ನಾನು ಅವರ ಕೆಲಸದ ಹಿಂದೆ ಬಂದವಳು, ಈಗ ಅವರು ನನ್ನ ಹಿಂದೆ ಬರುತ್ತಾರೆಂದೇ ಅಂದುಕೊಂಡಿದ್ದೆ. “ಮಾನಸ ನಡೆಯೋದು ಕಲಿತಾಗ ನಾನಿಲ್ಲಿ ಮರುಭೂಮೀಲಿ ಪೈಪು ಹಾಕಿಸ್ತಿದ್ದೆ. ನೀನು ಫೋಟೋ ಕಳಿಸ್ದೆ, ನೋಡ್ಕೊಂಡೆ. ಈ ಮಗೂನ ಹಾಗೆ ನೋಡಕ್ಕಾಗಲ್ಲ” ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದರು. ಅಶ್ರಫ್ ಅವರ ಆಫೀಸಿನಿಂದ ಎರಡು ಟಿಕೆಟ್ಟು ಹಿಡಿದು ಬಂದರು, ಊರಿಗೆ ಒಂದು ಅವರದು, ಘಾನಾಕ್ಕೆ ಒಂದು ನನ್ನದು, ಒಂದೇ ದಿನ, ಬೇರೆ ಬೇರೆ ವಿಮಾನ. ನೀನು ಬೀರು ತೆಗೆಯದಿದ್ದರೆ ನನ್ನದನ್ನು ಅಶ್ರಫ್ ಬದಲಿಸಿಕೊಡುತ್ತಾರಂತೆ. ನಿಮ್ಮಪ್ಪನದನ್ನು ಬದಲಿಸುವಂತಿಲ್ಲವೆಂದು ನಿಮ್ಮಪ್ಪನೇ ಹೇಳಿದ್ದಾರೆ.

ನೀನು ಕೇಳಿದ್ದ ತಾರೀಕು: ಜುಲೈ ಒಂದು, ಶುಕ್ರವಾರ, ಬೆಳಿಗ್ಗೆ ಐದೂವರೆ, ಬೆಂಗಳೂರು. ನಿದ್ದೆಯಲ್ಲಿದ್ದರೂ ಪರವಾಗಿಲ್ಲ, ರೋಹನ್‌ನನ್ನು ಎತ್ತಿಕೊಂಡೇ ಬಾ. ನಿಮ್ಮಪ್ಪನಿಗೆ ಚಿಕ್ಕ ಮಗುವನ್ನು ಎತ್ತಿ ಅಭ್ಯಾಸವಿಲ್ಲ. ಪಕ್ಕದಲ್ಲೇ ನಿಂತಿರು, ಆದರೆ ವಾಪಸು ಇಸಿದುಕೊಳ್ಳಬೇಡ.